ಯಾರ ಕೈಯೂ ಮುಟ್ಟದ ನೀರು

ಮಾರೇನಹಳ್ಳಿ, ಬೆಂಗಳೂರು
19 ಜನವರಿ 1958

ಅಂಜಿನಯ್ಯನಿಗೆ,

ಎಲ್ಲರೂ ಸುಖವಾಗಿದೀವಿ ಅಂತ ಶುರುಮಾಡೋಕೆ ಕೈ ಬರ್ತಾ ಇಲ್ಲ. ನೇರವಾಗಿ ವಿಷಯಕ್ಕೆ ಬರ್ತೀನಿ. ನಿನ್ನ ವಿಳಾಸಕ್ಕೆ ಅಂತ ಕೇರಿಗೆ ಹೋಗಿದ್ದೆ. ನಿಮ್ಮವ್ವ ಅಂಜಮ್ಮ, "ಐದು ವರ್ಸದಿಂದ ನನ್ನ ಮಗ ಬೇಕಾಗಿರಲಿಲ್ಲ, ಈಗ ಯಾವ ಗಾಳಿ ಬೀಸ್ತು ಬುದ್ಧಿ?" ಅಂದಳು. ಆಮೇಲೆ ಕೊಟ್ಟಳು.

ನಮ್ಮವ್ವನಿಗೆ ಗಂಟಲಲ್ಲಿ ನಿಂಬೆಹಣ್ಣಿನಷ್ಟು ಗಂಟಾಗಿತ್ತು. ಶ್ರಾವಣದಲ್ಲಿ ದೊಡ್ಡಾಸ್ಪತ್ರೇಲಿ ಕೊಯ್ದು ತೆಗೆದರು. ಕ್ಯಾನ್ಸರ್ ಅಂದರು. ಈಗ ಸೊಂಟ ನೋವು, ರಾಗಿಕಲ್ಲಿನ ಮುಂದೆ ಕೂರೋಕಾಗಲ್ಲ. ಎಕ್ಸರೇಲಿ ಮೂಳೆ ಗೆದ್ದಲು ತಿಂದ ಹಾಗೆ ಕಾಣ್ತದೆ. ಡಾಕ್ಟರ್ ಗೋಪೀನಾಥ್ ಹೇಳೋದು, ಇದಕ್ಕೆ ರೇಡಿಯೋ ಅಯೋಡಿನ್ ಅಂತ ಕಿರಣ ಬಿಡೋ ಒಂದು ಔಷಧಿ ಇದೆ, ಇಂಗ್ಲೆಂಡಿಂದ ತರಿಸೋಕೆ ಬಹಳ ತಡ, ಮುಂಬಯಿಯ ಟ್ರಾಂಬೇಲಿರೋ ಅಣುಶಕ್ತಿ ಕೇಂದ್ರದಲ್ಲಿ ಈಗ ಮಾಡೋಕೆ ಶುರುಮಾಡಿದಾರೆ ಅಂತ. "ಅಲ್ಲಿ ನಮ್ಮೂರ ಹುಡುಗನೇ ಇದಾನೆ ಸಾರ್" ಅಂದೆ.

ಮಿಲ್ಲಿನಲ್ಲಿ ನನ್ನ ಜೊತೆ ಟೈಮ್ ಆಫೀಸಿನಲ್ಲಿರೋ ಬಸವಲಿಂಗಪ್ಪ, ಬಂಗಾರದಿಂದಲೂ ಒಂದು ಔಷಧಿ ಮಾಡ್ತಾರಂತೆ, ಅದೇ ಮೇಲು ಅಂತಾನೆ. ರೇಡಿಯಂ ಅನ್ನೋರೂ ಇದಾರೆ. ಯಾವುದು ಒಳ್ಳೇದು ಅಂತ ನೀನೇ ಆರಿಸಿ ಬರಿ. ಹಳೇದನ್ನೆಲ್ಲ ಮನಸಲ್ಲಿ ಇಟ್ಕೋಬೇಡ.

ನಿನ್ನ ಜೊತೆ ಓದಿದ,
ನಂಜುಂಡಪ್ಪ

—

ಟ್ರಾಂಬೆ, ಮುಂಬಯಿ
28 ಜನವರಿ 1958

ನಂಜುಂಡ,

ಹಳೇದೆಲ್ಲ ಅಂದರೆ ಯಾವುದು? ಹೆಸರಿಟ್ಟು ಬರಿ. ನೀನು ಬರೆಯೋಲ್ಲ, ಅದಕ್ಕೆ ನಾನೇ ಬರೀತೀನಿ. ನಿನ್ನ ಮದುವೆ. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ನೀನೇ ಕೇರಿಗೆ ಬಂದು ಕರೆದಿದ್ದೆ. ಚಪ್ಪರದ ಕೆಳಗೆ ಪಂಕ್ತೀಲಿ ಕೂತಿದ್ದೆ, ನಿಮ್ಮ ಚಿಕ್ಕಪ್ಪ ಮರಿಯಪ್ಪ ರಟ್ಟೆ ಹಿಡಿದು ಎಬ್ಬಿಸಿ ತಿಪ್ಪೆ ಪಕ್ಕಕ್ಕೆ ಕೂರಿಸಿದ. ನೀರು ಕೇಳಿದೆ. ನಿಮ್ಮವ್ವ ಚೊಂಬನ್ನ ಎದೆಮಟ್ಟ ಎತ್ತಿ ನನ್ನ ಬೊಗಸೆಗೆ ಸುರಿದರು, ಒಂದು ಹನಿಯೂ ಹಿಂದಕ್ಕೆ ಸಿಡಿದು ಚೊಂಬಿಗೆ ತಾಗಬಾರದು ಅಂತ. ನೀನು ಹಸೆಮಣೆ ಮೇಲಿದ್ದೆ. ನೋಡಿದೆ. ನೋಡಿ ಬಾಸಿಂಗ ಸರಿಮಾಡಿಕೊಂಡೆ. ಹಳೇದು ಅಂದರೆ ಇದು. ಇನ್ನೊಂದು ಮಾತು: ನಿಮ್ಮವ್ವನ್ನ ನಾನು ಎಂದೂ ಏಕವಚನದಲ್ಲಿ ಕರೆದಿಲ್ಲ. ನಮ್ಮವ್ವನಿಗೂ ವಯಸ್ಸಾಗಿದೆ.

ಈಗ ನಿಮ್ಮವ್ವನ ಕಾಯಿಲೆ ವಿಷಯ.

ಬಂಗಾರ ಬೇಡ. ದೊಡ್ಡ ಮನೆಯವರಿಗೆ ಬಂಗಾರ ಅಂದ ತಕ್ಷಣ ಮೇಲು ಅನ್ನಿಸ್ತದೆ. ಬಂಗಾರದ ಔಷಧಿ ಎಲ್ಲಿ ಚುಚ್ಚಿದರೆ ಅಲ್ಲೇ ಕೂರ್ತದೆ, ಹುಡುಕಿಕೊಂಡು ಹೋಗೋದು ಅದಕ್ಕೆ ಗೊತ್ತಿಲ್ಲ. ರೇಡಿಯಂ ಸೂಜಿಯೂ ಅಷ್ಟೇ, ಇಟ್ಟ ಜಾಗವನ್ನ ಸುಡ್ತದೆ. ರಂಜಕದ್ದು ಒಂದಿದೆ, ಅದು ಮೂಳೆಯೊಳಗಿನ ರಕ್ತಕ್ಕೆ ಹೋಗೋದು, ಬೇರೆ ಕಾಯಿಲೆಗೆ ಆದೀತು. ಸೋಡಿಯಂನ ಒಂದು ಜಾತಿಯಿದೆ, ಬೆಂಗಳೂರು ಮುಟ್ಟೋದರೊಳಗೆ ಪ್ರಾಣ ಬಿಟ್ಟಿರ್ತದೆ.

ನಿಮ್ಮವ್ವನಿಗೆ ಬೇಕಾದ್ದು ಅಯೋಡಿನ್ನೇ. ಯಾಕೆ ಅಂದರೆ, ಗಂಟಲಿನಲ್ಲಿರೋ ಥೈರಾಯ್ಡ್ ಗ್ರಂಥಿಗೆ ಆಹಾರವೇ ಅಯೋಡಿನ್. ಅಲ್ಲಿಂದ ತಪ್ಪಿಸಿಕೊಂಡು ಸೊಂಟಕ್ಕೆ ಹೋಗಿ ಕೂತಿರೋ ಗಂಟಿಗೂ ಆ ಹಸಿವು ಹೋಗಿರೋದಿಲ್ಲ. ಅಯೋಡಿನ್ ಕುಡಿಸಿದರೆ ಗಂಟು ತಾನೇ ಎಳೆದುಕೊಂಡು ತಿಂತದೆ. ತಿಂದದ್ದು ಒಳಗಿಂದ ಸುಡ್ತದೆ, ಸುಟ್ಟರೂ ಎಳ್ಳುಕಾಳಿನಷ್ಟು ದೂರ ಮಾತ್ರ, ಪಕ್ಕದ ಮಾಂಸ ಉಳೀತದೆ. ಎಂಟು ದಿನಕ್ಕೆ ಅದರ ಕಸುವು ಅರ್ಧ ಆಗ್ತದೆ, ಇನ್ನೆಂಟು ದಿನಕ್ಕೆ ಅರ್ಧದಲ್ಲಿ ಅರ್ಧ. ವಿಮಾನದಲ್ಲಿ ಕಳಿಸೋಕೆ ಸಾಕಷ್ಟು ಉದ್ದ, ಮೈಯಲ್ಲಿ ಉಳಿದು ಕಾಟ ಕೊಡದಷ್ಟು ಗಿಡ್ಡ.

ಆದರೆ ಎಲ್ಲ ಗಂಟೂ ತಿನ್ನೋದಿಲ್ಲ. ಮೊದಲು ಚೂರೇ ಚೂರು ಕುಡಿಸಿ, ಸೊಂಟದ ಮೇಲೆ ಎಣಿಸೋ ಯಂತ್ರ ಹಿಡಿದು ನೋಡಬೇಕು. ಅಲ್ಲಿಯವರೆಗೆ ಅವರಿಗೆ ಟಿಂಕ್ಚರ್ ಹಚ್ಚಬೇಡಿ, ಗಂಟಲಿಗೆ ಕಂದು ಔಷಧಿ ಬಳೀಬೇಡಿ, ಕಾಂಪೌಂಡರ್ ಕೊಡೋ ಕೆಮ್ಮಿನ ನೀರು ಬೇಡ. ಸಾದಾ ಅಯೋಡಿನ್ ತಿಂದು ಹೊಟ್ಟೆ ತುಂಬಿಸಿಕೊಂಡ ಗಂಟು ನಮ್ಮದನ್ನ ಮೂಸಿಯೂ ನೋಡೋದಿಲ್ಲ. ಗಂಟು ತಿಂತು ಅಂದರೆ, ದೊಡ್ಡ ಡೋಸಿಗೆ ಇಲಾಖೆ ಮೂಲಕ ನಮಗೆ ಬರೆಯೋಕೆ ಡಾಕ್ಟರಿಗೆ ಹೇಳು.

ಅಂಜಿನಯ್ಯ

—

ಮಾರೇನಹಳ್ಳಿ
16 ಮಾರ್ಚ್ 1958

ಅಂಜಿನಯ್ಯನಿಗೆ,

ನಿನ್ನ ಕಾಗದದ ಮೊದಲನೇ ಭಾಗಕ್ಕೆ ಏನು ಬರೀಬೇಕೋ ಗೊತ್ತಾಗಲಿಲ್ಲ. ಎರಡನೇ ಭಾಗ ಡಾಕ್ಟರಿಗೆ ಓದಿ ಹೇಳಿದೆ.

ಪರೀಕ್ಷೆ ಆಯ್ತು. ಇಂಗ್ಲೆಂಡಿಂದ ಬಂದಿದ್ದ ಒಂದು ಗುಟುಕು ಆಸ್ಪತ್ರೇಲಿ ಇತ್ತು, ಅದನ್ನ ಕುಡಿಸಿದರು. ಮಾರನೇ ದಿನ ಯಂತ್ರವನ್ನ ಸೊಂಟದ ಹತ್ತಿರ ತಂದರೆ ಬಾಂಡಲೀಲಿ ಕಡ್ಲೆ ಸಿಡಿದ ಹಾಗೆ ಪಟಪಟ ಅಂತು. ಎದೇಲೂ ಒಂದು ಕಡೆ ಸದ್ದು ಬಂತು. ಡಾಕ್ಟರ್ ಕುಣಿಯೋದೊಂದು ಬಾಕಿ. ಅವ್ವ, "ನನ್ನೊಳಗೆ ಯಾವಳೋ ಒಲೆ ಹೂಡವ್ಳೆ ಕಣೋ" ಅಂತ ನಕ್ಕಳು. ಎಷ್ಟೋ ತಿಂಗಳಾದ ಮೇಲೆ ನಕ್ಕಿದ್ದು. ದೊಡ್ಡ ಡೋಸಿಗೆ ನಿಮ್ಮಲ್ಲಿಗೆ ಬರೆದಿದಾರೆ. ಎದೆಗೂ ಹೋಗಿರೋದರಿಂದ ಕಾಯೋ ಹಾಗಿಲ್ಲ ಅಂತಾರೆ.

ನನಗೂ ವಿಮಲಂಗೂ ಹೆಣ್ಣು ಮಗು ಆಗಿದೆ, ನಾಲ್ಕು ತಿಂಗಳು. ಅವ್ವ ಮೊಮ್ಮಗಳನ್ನ ಇಳಿಸೋದೇ ಇಲ್ಲ. ಅಂಜಮ್ಮನವರು ಆರೋಗ್ಯವಾಗಿದಾರೆ.

ನಂಜುಂಡಪ್ಪ

—

ಟ್ರಾಂಬೆ
13 ಏಪ್ರಿಲ್ 1958

ನಂಜುಂಡ,

ನಿಮ್ಮವ್ವನ ಡೋಸು ನಾಳೆ ಬೆಳಗಿನ ವಿಮಾನಕ್ಕೆ ಹೋಗ್ತಿದೆ. ಡಾಕ್ಟರಿಗೆ ತಂತಿ ಕೊಟ್ಟಿದೀವಿ. ಆಳ ಕೊಳದ ತಳದಲ್ಲಿ ಉರೀತಿರೋ ರಿಯಾಕ್ಟರ್ ಪಕ್ಕಕ್ಕೆ, ಟೆಲ್ಯೂರಿಯಂ ಅನ್ನೋ ಲೋಹದ ಪುಡಿಯ ಡಬ್ಬಿಯನ್ನ ಇಳಿಬಿಟ್ಟು ವಾರಗಟ್ಟಲೆ ಬೇಯಿಸಬೇಕು. ನೀರು ನೀಲಿಯಾಗಿ ಹೊಳೀತಿರ್ತದೆ. ಆ ಪುಡಿಯಲ್ಲಿ ಹುಟ್ಟೋ ಅಯೋಡಿನ್ನನ್ನ ಆಸಿಡ್‌ನಲ್ಲಿ ಕುದಿಸಿ, ಆವಿ ಎಬ್ಬಿಸಿ, ಚೌಳು ನೀರಲ್ಲಿ ಹಿಡೀತೀನಿ. ಸೀಸದ ಗೋಡೆಯ ಆಚೆ ಸೀಸೆ, ಈಚೆ ನಾನು, ನಡುವೆ ಉದ್ದ ಇಕ್ಕಳ, ನೋಡೋಕೆ ಕನ್ನಡಿ. ಹೆಂಗಸರು ಕೊಡದಿಂದ ಕೊಡಕ್ಕೆ ನೀರು ಬಗ್ಗಿಸೋ ಹಾಗೆ ಬಗ್ಗಿಸೋಕಾಗಲ್ಲ, ಒಂದು ಹನಿ ಚೆಲ್ಲಿದರೂ ಆ ಕೋಣೆ ವಾರ ಬಂದ್. ಆ ಟೆಲ್ಯೂರಿಯಂನ ಗುಣ ಏನು ಅಂದರೆ, ಸ್ವಲ್ಪ ಮೈಗೆ ಸೇರಿದರೂ ಬಾಯಿ ಬೆಳ್ಳುಳ್ಳಿ ನಾರ್ತದೆ. ನಮ್ಮಲ್ಲೊಬ್ಬ ಆಚಾರಿ ಇದಾನೆ, ಮನೆಗೆ ಬೆಳ್ಳುಳ್ಳಿ ಸೇರಿಸದವನು. "ಯಾವ ಮಿಲಿಟ್ರಿ ಹೋಟ್ಲಿಗೆ ಹೋಗಿದ್ರಿ?" ಅಂತ ಹೆಂಡತಿ ದಿನಾ ಗಲಾಟೆ.

ಈಗ ಕಿವಿಗೊಟ್ಟು ಕೇಳು. ಕುಡಿದ ಮೇಲೆ ನಿಮ್ಮವ್ವನ ಮೈಯಿಂದಲೇ ಕಿರಣ ಬರ್ತದೆ. ಮೊದಲ ವಾರ ಅವರಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಹಾಸಿಗೆ. ಊಟವನ್ನ ದೂರದಿಂದ ನೂಕಿ ಬರಬೇಕು. ಮುಟ್ಟಬಾರದು. ಮಗುವನ್ನ ಹತ್ತಿರ ಬಿಡಬಾರದು, ಹಾಲೂಡಿಸೋ ವಿಮಲಮ್ಮನೂ ಹೋಗಬಾರದು. ಈ ಕೆಲಸ ಹೇಗೆ ಮಾಡಬೇಕು ಅಂತ ನಿಮ್ಮ ಮನೆಗೆ ನಾನು ಕಲಿಸಿಕೊಡಬೇಕಾಗಿಲ್ಲ.

ಉಚ್ಚೇಲಿ ಬಹಳಷ್ಟು ಹೊರಕ್ಕೆ ಬರ್ತದೆ. ಆ ಪಾತ್ರೆಯನ್ನ ರಬ್ಬರ್ ಕೈಗವಸು ಹಾಕಿ, ಬೇಗ, ಬೇಕಾದಷ್ಟು ನೀರು ಹುಯ್ದು ತೊಳೀಬೇಕು. ಅದಕ್ಕೆ ಕೇರಿಯಿಂದ ಯಾರನ್ನೂ ಕರೆಸಬೇಡಿ. ಕರೆಸ್ತೀರ ಅಂತ ನನಗೆ ಗೊತ್ತು, ಅದಕ್ಕೇ ಬರೀತಿದೀನಿ. ನಿನ್ನನ್ನ ಹೆತ್ತ ತಾಯಿ, ನೀನು ತೊಳಿ.

ಬಂದ ದಿನವೇ ಕುಡಿಸಿ. ಲೆಕ್ಕ ಆ ದಿನಕ್ಕೆ ಹಾಕಿದೀವಿ.

ಅಂಜಿನಯ್ಯ

—

ಆಸ್ಪತ್ರೆಯಿಂದ
17 ಏಪ್ರಿಲ್ 1958

ಅಂಜಿನಯ್ಯ,

ಅವ್ವ ಕುಡೀತಾ ಇಲ್ಲ.

ಸೋಮವಾರ ಡೋಸು ಬಂತು. ಸೀಸದ ಕುಡಿಕೇಲಿ ಸೀಸೆ, ಅದಕ್ಕೊಂದು ಕೊಳವೆ. ಅವ್ವ ಕೊಳವೆ ಬಾಯಿಗಿಟ್ಟುಕೊಳ್ಳೋಕೆ ಮುಂಚೆ, "ಇದ್ನ ಯಾರ್ ಮಾಡಿದ್ದು?" ಅಂದಳು. ನಾನು ಹೆಮ್ಮೆಯಿಂದ, "ನಮ್ಮ ಅಂಜಿನಯ್ಯ ಕಣವ್ವ" ಅಂದೆ. "ಯಾವ ಅಂಜಿನಯ್ಯ?" "ಅಂಜಮ್ಮನ ಮಗ." ಕೊಳವೆ ಬಿಟ್ಟಳು. ಗೋಡೆ ಕಡೆ ತಿರುಗಿ ಮಲಗಿದವಳು ಇವತ್ತಿಗೂ ತಿರುಗಿಲ್ಲ.

"ಮಾತ್ರೆ ಆಗಿದ್ರೆ ನುಂಗ್ತಿದ್ದೆ. ಸೂಜಿ ಆಗಿದ್ರೆ ಚುಚ್ಚುಸ್ಕತಿದ್ದೆ. ಇದು ನೀರು ಕಣೋ. ಅವರ ಕೈ ನೀರು ಕುಡ್ದು ನಿಮ್ಮಪ್ಪನ ಹತ್ರಕ್ಕೆ ಯಾವ ಮೊಕ ಇಟ್ಕಂಡು ಹೋಗ್ಲಿ?" ಅಂತಾಳೆ. ಡಾಕ್ಟರು, "ಏನಮ್ಮಾ, ಇಲ್ಲಿ ನಲ್ಲಿ ನೀರು ಯಾರು ಬಿಡ್ತಾರೆ ಅಂತ ಕೇಳಿದೀರಾ?" ಅಂದರು. "ಕೇಳಿಲ್ಲ. ಅದಕ್ಕೇ ಕುಡುದೆ" ಅಂದಳು.

ನಾನು ಯಾಕೆ ಬಾಯಿ ಬಿಟ್ಟೆನೋ. ಈಗ ಒಂದೇ ದಾರಿ ಕಾಣ್ತದೆ. ಸೀಸದ ಗೋಡೆ, ಇಕ್ಕಳ ಅಂತ ನೀನೇ ಬರೆದಿದೀಯ. ಇದನ್ನ ಯಂತ್ರ ಮಾಡಿದ್ದು, ಯಾರ ಕೈಯೂ ಮುಟ್ಟಿಲ್ಲ ಅಂತ ಒಂದು ಸಾಲು ಬರೆದು ಕಳಿಸು. ನಾನು ಹೇಳಿದರೆ ನಂಬ್ತಿಲ್ಲ. ನಿನ್ನ ಕಾಗದ ಓದಿದರೆ ನಂಬ್ತಾಳೆ. ಸುಳ್ಳೂ ಅಲ್ಲವಲ್ಲ. ನಿನ್ನ ಕಾಲಿಗೆ ಬೀಳ್ತೀನಿ. ದಿನಾ ಅದರ ಕಸುವು ಇಳೀತಾ ಇದೆ.

ನಂಜುಂಡ

—

ಟ್ರಾಂಬೆ
19 ಏಪ್ರಿಲ್ 1958

ಚಿಕ್ಕಲಕ್ಷ್ಮಮ್ಮನವರಿಗೆ,

ಇದು ನಿಮಗೇ ಬರೆದ ಕಾಗದ. ವಿಮಲಮ್ಮನವರು ಓದಿ ಹೇಳಲಿ. ನಿಮ್ಮ ಮಗ ಓದಿದರೆ ನಡುವೆ ಬಿಟ್ಟು ಓದ್ತಾನೆ.

ಯಾರ ಕೈಯೂ ಮುಟ್ಟಿಲ್ಲ ಅಂತ ಬರಿ ಅಂತ ನಂಜುಂಡ ಕೇಳಿದಾನೆ. ಅದು ನಿಜ. ಮುಟ್ಟಿದ್ದರೆ ನನ್ನ ಕೈ ಸುಟ್ಟು ಹೋಗ್ತಿತ್ತು. ಆದರೆ ಆ ಸಾಲನ್ನ ನಾನು ಬರೆದರೆ ನೀವು ಕೇಳಿಸಿಕೊಳ್ಳೋದು ಬೇರೆ. ಹೊಲೆಯ ಮುಟ್ಟಿಲ್ಲ, ಅದಕ್ಕೆ ನೀರು ಶುದ್ಧ ಅಂತ. ನನ್ನ ಕೈ ಮೈಲಿಗೆ ಅಂತ ನಾನೇ ಸಹಿ ಹಾಕಿ ಕೊಟ್ಟ ಹಾಗೆ. ಹಾಕೋಲ್ಲ.

ಮಾಡಿದವನು ನಾನು. ಡಬ್ಬಿ ಕೊಳಕ್ಕೆ ಇಳಿಸಿದವನು ನಾನು, ಕುದಿಸಿದವನು ನಾನು, ಸೋಸಿ ಅಳೆದು ಸೀಸೆಗೆ ತುಂಬಿದವನು ನಾನು. ಅಂಜಮ್ಮನ ಮಗ. ನಿಮ್ಮ ಹೊಲದಲ್ಲಿ ಕಳೆ ಕಿತ್ತವರ ಮಗ. ಅವರು ಕಳೆ ಕಿತ್ತದ್ದರಿಂದ ಉಳಿದ ರಾಗಿಯನ್ನ ನೀವು ಮುದ್ದೆ ಮಾಡಿ ಉಂಡಿರಿ. ರಾಗಿಗೆ ಅವರ ಕೈ ತಾಗಿತ್ತು, ಬೆವರೂ ತಾಗಿತ್ತು. ಆಗ ಯಾರೂ ಗೋಡೆ ಕಡೆ ತಿರುಗಲಿಲ್ಲ.

ಕುಡೀರಿ ಅಂತ ನಾನು ಬೇಡೋದಿಲ್ಲ. ನಿಮ್ಮ ಗಂಟಿನ ಲೆಕ್ಕ ಮಾತ್ರ ಹೇಳ್ತೀನಿ. ಈ ಕಾಗದ ಕೈ ಸೇರೋ ಹೊತ್ತಿಗೆ ಅರ್ಧಕ್ಕೆ ಹತ್ತಿರ ಹೋಗಿರ್ತದೆ. ಇನ್ನೊಂದು ವಾರ ಬಿಟ್ಟರೆ ಉಳಿಯೋದು ಕಾಲು ಭಾಗ, ಅದು ಸೊಂಟಕ್ಕೂ ಸಾಲದು, ಎದೆಗೂ ಸಾಲದು. ಹೊಸದು ಬೇಯೋಕೆ ವಾರಗಳು ಬೇಕು. ಕುಡಿದು ಬದುಕಿದರೆ ಸಂತೋಷ ಪಡ್ತೀನಿ. ಯಾರು ಮಾಡಿದ್ದು ಅಂತ ಗೊತ್ತಿದ್ದೇ ಕುಡಿದು ಬದುಕಿ.

ಅಂಜಮ್ಮನ ಮಗ,
ಅಂಜಿನಯ್ಯ

—

ಮಾರೇನಹಳ್ಳಿ
24 ಏಪ್ರಿಲ್ 1958

ಅಂಜಿನಯ್ಯನವರಿಗೆ ವಿಮಲಮ್ಮ ಬರೆಯೋದು,

ನಿಮ್ಮ ಕಾಗದ ಮಂಗಳವಾರ ಬಂತು. ಒಂದಕ್ಷರ ಬಿಡದೆ ಓದಿದೆ. ಹೊಲೆಯ ಅನ್ನೋ ಮಾತು ಬಂದಾಗ ಪಕ್ಕದ ಮಂಚದವರೂ ತಿರುಗಿ ನೋಡಿದರು. ಸಂಜೆ ಅತ್ತೆ ಇನ್ನೊಂದು ಸಲ ಓದು ಅಂದರು, ಓದಿದೆ.

ನಿನ್ನೆ ಮರಿಯಪ್ಪ ಚಿಕ್ಕಮಾವ ನಿಮ್ಮ ತಾಯಿಯನ್ನ ವಾರ್ಡಿಗೆ ಕರಕೊಂಡು ಬಂದರು. ಅತ್ತೆ ಕುಡಿದರೆ ಆಮೇಲೆ ಉಚ್ಚೆ ಪಾತ್ರೆ ತೊಳೆಯೋಕೆ ಆಸ್ಪತ್ರೆ ಆಳುಗಳು ಹೆದರಿ ಒಪ್ಪಿರಲಿಲ್ಲ, ಅದಕ್ಕೆ. ನೀವು ಬೇಡ ಅಂತ ಬರೆದಿದ್ದನ್ನ ನಮ್ಮ ಯಜಮಾನರು ಯಾರಿಗೂ ಹೇಳಿರಲಿಲ್ಲ. ನಾನು ಹೇಳಿದೆ. ನಿಮ್ಮ ತಾಯಿ, "ಕೇಳುದ್ರಲ್ಲ ಬುದ್ಧಿ, ನನ್ನ ಮಗ ಬ್ಯಾಡ ಅಂದವ್ನೆ" ಅಂತ ಬಾಗಿಲಲ್ಲೇ ಕಾಲು ನೀಡಿ ಕೂತರು.

ಅತ್ತೆ ಆಗ ಮೊದಲ ಸಲ ಈ ಕಡೆ ತಿರುಗಿದರು.

"ಅಂಜಮ್ಮಾ, ನಿನ್ನ ಮಗ ನಂಗೆ ಎಂಥಾ ಕಾಗ್ದ ಬರ್ದವ್ನೆ ಗೊತ್ತೇನೆ?"

"ಬರ್ದಿರ್ತಾನೆ ಕಣವ್ವ. ಅವನ ಬಾಯಿ ಹುಟ್ಟಿದಾಗ್ಲಿಂದ ಮೆಣಸಿನಕಾಯಿ."

"ಕುಡೀಲೇನೇ?"

"ನನ್ನೇನ್ ಕೇಳೀರಿ? ಕುಡುದ್ರೆ ನಿಮ್ಮ ಸ್ವಾಂಟಕ್ಕೆ, ಬುಟ್ರೆ ನಿಮ್ಮ ಕುಲುಕ್ಕೆ. ಎಲ್ಡರಲ್ಲಿ ಯಾವ್ದು ನೋಯ್ತಾ ಐತೆ ನೀವೇ ನೋಡ್ಕಳಿ."

ಅತ್ತೆ ಡಾಕ್ಟರನ್ನ ಕರೆಸಿ ಅಂದರು. ಕಣ್ಣು ಮುಚ್ಚಿಕೊಂಡು ಕೊಳವೆಯಲ್ಲಿ ಎಳೆದರು. ಅರ್ಧದ ಮೇಲೆ ಹೋಗಿದೆ, ಆದರೂ ಎದೆಯ ಕಾರಣಕ್ಕೆ ಕಾಯೋದಕ್ಕಿಂತ ಇದೇ ವಾಸಿ ಅಂದರು ಡಾಕ್ಟರು. ಕುಡಿದು ಅತ್ತೆ ಹೇಳಿದ್ದು ಒಂದೇ ಮಾತು: "ಏನೂ ರುಚೀನೇ ಇಲ್ವಲ್ಲ."

ಪಾತ್ರೆ ಇವರೇ ತೊಳೀತಿದಾರೆ. ಮೊದಲ ಸಲ ಹೊರಗೆ ಬಂದು ವಾಂತಿ ಮಾಡಿಕೊಂಡರು. ಇವತ್ತು ಮಾಡಿಕೊಳ್ಳಲಿಲ್ಲ. ಇದನ್ನ ನಿಮಗೆ ಬರೀಬೇಡ ಅಂದಿದಾರೆ.

ವಿಮಲಮ್ಮ

—

ಮಾರೇನಹಳ್ಳಿ
2 ನವೆಂಬರ್ 1958

ಅಂಜಿನಯ್ಯನಿಗೆ,

ಅವ್ವ ಹೋದಳು. ದಸರಾ ಕಳೆದ ಮೇಲೆ. ಸೊಂಟದ ನೋವು ಮುಂಗಾರಿನಲ್ಲಿ ಸ್ವಲ್ಪ ಇಳಿದಿತ್ತು, ಕೋಲು ಹಿಡಿದು ಹಿತ್ತಲಿಗೆ ಹೋಗೋ ಹಾಗಾಗಿದ್ದಳು. ಎದೇದು ನಿಲ್ಲಲಿಲ್ಲ. ಆಗಸ್ಟಿನಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಯಂತ್ರ ಸದ್ದೇ ಮಾಡಲಿಲ್ಲ. ಗಂಟು ಇನ್ನು ತಿನ್ನೋದಿಲ್ಲ, ಎರಡನೇ ಡೋಸಿಂದ ಉಪಯೋಗವಿಲ್ಲ ಅಂದರು. ಕೊನೇಗೆ ಉಸಿರು ಎಳೆಯೋಕೆ ಬಹಳ ಕಷ್ಟಪಟ್ಟಳು.

ಏನು ಮಾಡೋದು, ಅವ್ವ ಆ ಔಷಧಿಗೆ ಹೆದರಿಬಿಟ್ಟಳು. ಹಳೇ ಕಾಲದವಳು. ಕರೆಂಟು ಗಿರೆಂಟು ಅಂದರೆ ಭಯ. ನೀನು ಮಾಡಿದ ಸಹಾಯ ಮರೆಯೋಲ್ಲ.

ಒಂದು ಕೇಳ್ತೀನಿ, ನಿಜ ಬರಿ. ಬಂದ ದಿನವೇ ಕುಡಿದಿದ್ದರೆ ಉಳೀತಿದ್ದಳಾ?

ನಂಜುಂಡಪ್ಪ

—

ಕೆಂಗೇರಿ
20 ನವೆಂಬರ್ 1958

ಅಂಜಿನಯ್ಯನವರಿಗೆ,

ನಾನೀಗ ತವರಿನಲ್ಲಿದೀನಿ, ಕೂಸೂ ಇದೆ. ಯಾಕೆ ಅಂತ ನಿಮಗೆ ತಿಳೀಬೇಕು.

ಹನ್ನೊಂದನೇ ದಿನ ಎಲ್ಲ ನೆಂಟರೂ ಸೇರಿದ್ದರು. ಮರಿಯಪ್ಪ ಚಿಕ್ಕಮಾವ ಎಲೆಯಡಿಕೆ ಹಾಕ್ಕೊಂಡು, "ಆ ಕೇರಿ ಹೈದ ಸತ್ತೋದ ಔಷಧಿ ಕಳಿಸ್ದ. ಮದುವೇಲಿ ಎಬ್ಬಿಸಿದ್ದ ಸೇಡು ತೀರುಸ್ಕಂಡ" ಅಂದರು. ಒಬ್ಬೊಬ್ಬರೂ ಹೌದೌದು ಅಂದರು. ನಾನು ನಿಮ್ಮ ಸ್ನೇಹಿತರ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಎಲೆ ಮೇಲಿನ ಅನ್ನ ಕಲಸ್ತಾ ಇದ್ದರು. ಆರು ತಿಂಗಳ ಹಿಂದೆ ಹೆತ್ತವಳ ಪಾತ್ರೆ ತೊಳೆದ ಗಂಡಸು, ಒಂದು ಮಾತು ಆಡೋಕಾಗಲಿಲ್ಲ.

ನಾನು ಆಡಿದೆ. "ಔಷಧಿ ಹೇಳಿದ ದಿನವೇ ಬಂತು. ಅತ್ತೆ ಹೆದರಲೂ ಇಲ್ಲ. ಜಾತಿ ಕೆಡ್ತದೆ ಅಂತ ಒಂಬತ್ತು ದಿನ ಕುಡೀಲಿಲ್ಲ. ನಾನು ಪಕ್ಕದಲ್ಲಿದ್ದೆ" ಅಂದೆ. ಪಂಕ್ತಿ ಪೂರ್ತಿ ಕೈ ನಿಲ್ಲಿಸ್ತು. ಸತ್ತವಳ ಮೇಲೆ ಮಾತಾಡ್ತೀಯಾ ಅಂತ ಚಿಕ್ಕಮಾವ ಕೈ ಎತ್ತಿದರು. ಇವರು ಆಗಲೂ ಏಳಲಿಲ್ಲ. ಸಾಯಂಕಾಲ, "ಹೆದರಿಕೆ ಅಂತ ಒಂದು ಮಾತು ಒಪ್ಪಿಕೊಂಡು ಬಿಡೇ, ಮುಗೀತದೆ" ಅಂದರು. ಒಪ್ಪಿಕೊಳ್ಳಲಿಲ್ಲ. ಕೆಂಗೇರಿ ಬಸ್ಸು ಹತ್ತಿದೆ.

ಅತ್ತೆ ನನ್ನನ್ನ ಕಾಡಿದವರಲ್ಲ. ನನ್ನ ಬಾಣಂತನ ಅವರೇ ಮಾಡಿದ್ದು, ಎಣ್ಣೆ ಹಚ್ಚಿ ನೀರು ಹುಯ್ದ ಕೈ ಅವರದು. ಅವರಿಗಾಗಿ ಅಳ್ತೀನಿ. ಆದರೆ ಅವರು ಸತ್ತದ್ದು ಯಾತರಿಂದ ಅಂತ ಸುಳ್ಳು ಹೇಳೋಕೆ ನನ್ನಿಂದಾಗೋಲ್ಲ.

ನಿಮ್ಮನ್ನೂ ಒಂದು ಕೇಳಬೇಕು. ಆ ಒಂದು ಸಾಲನ್ನ ನೀವು ಆವತ್ತೇ ತಂತೀಲಿ ಕಳಿಸಿದ್ದರೆ ಅವರು ನಾಲ್ಕು ದಿನ ಮುಂಚೆಯೇ ಕುಡೀತಿದ್ದರು. ಇದು ನಿಮಗೂ ಅನ್ನಿಸಿರಬೇಕು.

ವಿಮಲಮ್ಮ

—

ಟ್ರಾಂಬೆ
1 ಡಿಸೆಂಬರ್ 1958

ವಿಮಲಮ್ಮನವರಿಗೆ,

ಅನ್ನಿಸಿದೆ. ಆ ಸಾಲು ನಿಜವೇ ಆಗಿತ್ತು ಅನ್ನೋದೇ ನನ್ನನ್ನ ಜಾಸ್ತಿ ತಿನ್ನೋದು. ಸುಳ್ಳಾಗಿದ್ದರೆ ಬರೀಲಿಲ್ಲ ಅಂತ ಎದೆ ತಟ್ಟಿಕೊಂಡು ತಿರುಗ್ತಿದ್ದೆ.

ನಂಜುಂಡನ ಪ್ರಶ್ನೆಗೆ ಉತ್ತರ ಬರೆದಿದೀನಿ: ಗೊತ್ತಿಲ್ಲ ಅಂತ. ಅದೂ ನಿಜ. ಪೂರ್ತಿ ಡೋಸು ಕುಡಿದೂ ಹೋದವರಿದಾರೆ, ಕಡಿಮೆ ಕುಡಿದೂ ಉಳಿದವರಿದಾರೆ. ಸೊಂಟದಲ್ಲಿ ಅರ್ಧವೇ ಇಷ್ಟು ಕೆಲಸ ಮಾಡಿದೆ ಅಂದರೆ ಪೂರ್ತಿ ಏನು ಮಾಡ್ತಿತ್ತು ಅಂತ ನಾನು ಲೆಕ್ಕ ಹಾಕಿದೀನಿ. ಆ ಲೆಕ್ಕವನ್ನ ಅವನಿಗೆ ಬರೀಲಿಲ್ಲ. ನಿಮಗೂ ಬರೆಯೋಲ್ಲ. ಇವತ್ತು ಅವನು ಮತ್ತೆ ಕೇಳಿದರೂ ಆ ಸಾಲು ಬರೆಯೋಲ್ಲ. ಅದರ ಜೊತೆಗೇ ಬದುಕಬೇಕು, ಬದುಕ್ತೀನಿ.

ಸೇಡಿನ ಮಾತಿಗೆ ನನಗೆ ಆಶ್ಚರ್ಯವಿಲ್ಲ. ನೀವು ಆ ಪಂಕ್ತೀಲಿ ಬಾಯಿ ಬಿಟ್ಟಿರಿ ಅನ್ನೋದಕ್ಕೆ ಆಶ್ಚರ್ಯ. ನಮ್ಮವ್ವನಿಗೂ ಬರೆದು ತಿಳಿಸಿದೀನಿ. ಕೆಂಗೇರಿ ಸಂತೆಗೆ ಬಂದಾಗ ನಿಮ್ಮ ಮನೆ ಬಾಗಿಲಿಗೆ ಬರ್ತಾರಂತೆ. ಒಳಗೆ ಕರೆಯೋದು ಬಿಡೋದು ನಿಮ್ಮ ತವರಿನವರ ಜೊತೆ ನೀವು ಮಾಡಬೇಕಾದ ಜಗಳ.

ಇವತ್ತು ಮತ್ತೆ ಬೆಂಗಳೂರಿಗೆ ಒಂದು ಸೀಸೆ ತುಂಬಿದೆ. ರೋಗಿ ಹೆಂಗಸು, ಮೂವತ್ತು ವರ್ಷ, ಇಷ್ಟೇ ನಮಗೆ ತಿಳಿಸಿದಾರೆ. ಯಾವ ಮನೆಯವರೋ, ಯಾವ ಕುಲವೋ. ನಾಳೆ ಬೆಳಗಿನ ವಿಮಾನ. ಡಾಕ್ಟರ್ ಗೋಪೀನಾಥರು ಈ ಸಲ ನನಗೇ ನೇರವಾಗಿ ಬರೆದು ಕೇಳಿದಾರೆ, ಯಾರು ಮಾಡಿದ್ದು ಅಂತ ರೋಗಿ ಕೇಳಿದರೆ ಏನು ಹೇಳಲಿ ಅಂತ.

ನನ್ನ ಹೆಸರು, ನಮ್ಮವ್ವನ ಹೆಸರು, ನಮ್ಮ ಕೇರಿಯ ಹೆಸರು ಬರೆದು ಕಳಿಸಿದೀನಿ. ಕೇಳಿದರೆ ಹೇಳಿ ಅಂದಿದೀನಿ.

ಅಂಜಿನಯ್ಯ